ಮೋಟಾರು ಕೊಟ್ಟಿಗೆಯಲ್ಲಿ ಸರ್ಫ್ ಹಲಗೆಯ ಚಿಕಿತ್ಸೆ

ನಮ್ಮ ಮನೆಯ ಪಡುವಣ ಮಗ್ಗುಲಿಗೆ ಮೋಟಾರಿಗೆಂದು ಕಟ್ಟಿಸಿದ ಕೊಟ್ಟಿಗೆಯೊಂದುಂಟು. ಈಗ ಮೋಟಾರು ಹೊರಗೆ ಮಾವಿನ ಮರದ ನೆರಳಿನಲ್ಲಿ ನಿಲ್ಲುವುದು. ಕೊಟ್ಟಿಗೆಯೊಳಗೆ ಎರಡು ಹಳೆಯ ಬೆಂಚುಗಳಿಗೆ ಗೋಣಿ ಹಾಸಿ, ಅದರ ಮೇಲೆ ನಮ್ಮ ಮಗಳ ಸರ್ಫ್ ಹಲಗೆಯನ್ನು ಮಲಗಿಸಿರುವೆವು. ನೋಡಲು ಬಂದ ನೆಂಟರು, "ಇದೇನು ಮಾಸ್ಟ್ರೇ, ಮನೆಯಲ್ಲಿ ಆಸ್ಪತ್ರೆ ತೆರೆದಿದ್ದೀರಾ?" ಎಂದು ಕೇಳುವುದುಂಟು. ಆ ಮಾತು ಅಷ್ಟೇನೂ ತಪ್ಪಲ್ಲ. ಆದರೆ ಈ ಆಸ್ಪತ್ರೆಯ ಮೊದಲನೆಯ ರೋಗಿಯನ್ನು ವೈದ್ಯನೇ ಸಾಯಿಸುವುದರಲ್ಲಿದ್ದನೆಂಬುದನ್ನು ಅವರಿಗೆ ನಾನು ಹೇಳುವುದಿಲ್ಲ. ಇಲ್ಲಿ ಓದುಗರಿಗೆ ಹೇಳುತ್ತೇನೆ; ಅದೇಕೆಂದರೆ ಕರಾವಳಿಯ ಅನೇಕ ಮನೆಗಳಲ್ಲಿ ಈಗ ಇಂತಹ ಹಲಗೆಗಳು ಕಾಣಬರುತ್ತಿವೆ, ನಾನು ಮಾಡಿದ ತಪ್ಪನ್ನು ಇನ್ನೊಬ್ಬ ಗೃಹಸ್ಥನು ಮಾಡುವುದು ಬಹು ಸುಲಭ.

ಅಲೆಯ ಮೇಲೆ ಹಲಗೆಯಿಟ್ಟು ನಿಲ್ಲುವ ಈ ವಿದ್ಯೆಯು ಹವಾಯಿ ದ್ವೀಪಗಳದು. ಅಲ್ಲಿಯ ಹಿಂದಿನವರು ಕೋವಾ ಮರದಿಂದಲೂ, ನಮ್ಮ ತೋಟಗಳಲ್ಲಿ ಜೀಗುಜ್ಜೆಯೆಂದು ಪಲ್ಯಕ್ಕೆ ಬೆಳೆಯುವ ಮರದಿಂದಲೂ ಹಲಗೆಗಳನ್ನು ಕೆತ್ತುತ್ತಿದ್ದರು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಈಜಿ ಚಿನ್ನದ ಪದಕ ಪಡೆದ ಡ್ಯೂಕ್ ಕಹನಮೋಕು ಎಂಬ ಹವಾಯಿಯವನು ಈ ಆಟವನ್ನು ದೇಶಾಂತರಗಳಿಗೆ ಒಯ್ದನು. ಮರದ ಹಲಗೆ ಒಡೆದರೆ ಬಡಗಿಯೇ ಸಾಕಾಗಿತ್ತು. 1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯದವರು ಹಗುರವಾದ ಪಾಲಿಯುರಿಥೇನ್ ನೊರೆಯ ದಿಂಡಿಗೆ ಗಾಜಿನ ನೂಲಿನ ಬಟ್ಟೆಯನ್ನು ರಾಳದಿಂದ ಅಂಟಿಸಿ ಹಲಗೆ ಮಾಡಲು ತೊಡಗಿದರು. ಅಂದಿನಿಂದ ಬಡಗಿಯ ಕೆಲಸ ಹೋಗಿ ರಸಾಯನದ ಕೆಲಸ ಬಂದಿತು. ನಮ್ಮ ಮೂಲ್ಕಿಯಲ್ಲಿ ಸರ್ಫಿಂಗ್ ಕ್ಲಬ್ಬು ಹುಟ್ಟಿದ್ದು 2004ರಲ್ಲಿ. 2016ರಲ್ಲಿ ಶಾಂಭವಿ ನಂದಿನಿಯರು ಕಡಲು ಸೇರುವ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಸ್ಪರ್ಧೆಯೂ ನಡೆಯಿತು. ಆ ಸ್ಪರ್ಧೆಯನ್ನು ನೋಡಿ ಬಂದ ದಿನವೇ ನಮ್ಮ ಮಗಳು, ಆಗ ಒಂಬತ್ತು ವರ್ಷದವಳು, ತನಗೂ ಹಲಗೆ ಬೇಕೆಂದು ಹಟ ಹಿಡಿದಳು.

ಹಲಗೆ ಬರಲು ಏಳು ವರ್ಷವಾಯಿತು. 2023ರಲ್ಲಿ ಅವಳ ತಾಯಿ ತನ್ನ ಚೀಟಿಯ ಹಣವನ್ನು ಎತ್ತಿ, ಬೇರೊಬ್ಬರು ಬಳಸಿದ್ದ ಹಲಗೆಯೊಂದನ್ನು ಕೊಡಿಸಿದಳು. ಅಡುಗೆಮನೆಗೆ ಗ್ರೈಂಡರು ಕೊಳ್ಳಲೆಂದು ಕೂಡಿಟ್ಟ ಹಣವದು. ಮೂರನೆಯ ವಾರದಲ್ಲಿಯೇ, ಕಡಲ್ಕೊರೆತಕ್ಕೆ ಅಡ್ಡಲಾಗಿ ಹಾಕಿದ ಬಂಡೆಗಳಿಗೆ ತಗುಲಿ, ಹಲಗೆಯ ಅಂಚಿನಲ್ಲಿ ಎರಡು ರೂಪಾಯಿಯ ನಾಣ್ಯದಷ್ಟು ತೂತಾಯಿತು. ಹುಡುಗಿ ಅಳಲಿಲ್ಲ. "ಅಪ್ಪಾ, ನೀವು ಸರಿಮಾಡುತ್ತೀರಲ್ಲಾ?" ಎಂದಷ್ಟೇ ಕೇಳಿದಳು. ಇಪ್ಪತ್ತೆಂಟು ವರ್ಷ ಶಾಲೆಯಲ್ಲಿ ವಿಜ್ಞಾನವನ್ನು ಪಾಠಮಾಡಿದ ನಾನು ಇಲ್ಲವೆನ್ನುವುದೆಂತು?

ನಮ್ಮೂರಿನ ಅಳಿವೆಯ ಬಳಿ ಮೀನುಗಾರರ ಫೈಬರ್ ದೋಣಿಗಳಿಗೆ ತೇಪೆ ಹಾಕುವ ವೃದ್ಧರೊಬ್ಬರಿದ್ದಾರೆ. ಅವರು ಉಪಯೋಗಿಸುವ ಪಾಲಿಯೆಸ್ಟರ್ ರಾಳವನ್ನೇ ಅರ್ಧ ಕಿಲೋ ತಂದೆನು. ಕೊಡುವಾಗ ಅವರು ಎರಡು ಚಿಕ್ಕ ಬಾಟಲಿಗಳನ್ನು ತೋರಿಸಿ, "ಇವೆರಡನ್ನು ಮಾತ್ರ ನೇರವಾಗಿ ಒಟ್ಟಿಗೆ ಹಾಕಬೇಡಿ ಮಾಸ್ಟ್ರೇ, ಬೆಂಕಿ ಏಳುತ್ತದೆ. ಮೊದಲು ಒಂದನ್ನು ರಾಳಕ್ಕೆ ಹಾಕಿ ಚೆನ್ನಾಗಿ ಕಲಸಿ, ಮತ್ತೆ ಇನ್ನೊಂದು," ಎಂದರು. ಒಂದು ಕೋಬಾಲ್ಟಿನ ದ್ರವ, ಇನ್ನೊಂದು ಪೆರಾಕ್ಸೈಡು. ಅವುಗಳು ತಾವು ತಾವೇ ಸೇರಿದರೆ ಸಿಡಿಯುವುದೂ ಉಂಟು. ಪೆರಾಕ್ಸೈಡಿನ ಒಂದು ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಇದನ್ನು ನಾನು ಪಾಠದಂತೆ ಕೇಳಿಕೊಂಡು ಬಂದೆನು. ಆದರೆ ಅವರು ಕೇಳದ, ನಾನೂ ಕೇಳಿಕೊಳ್ಳದ ಪ್ರಶ್ನೆಯೊಂದಿತ್ತು: ಹಲಗೆಯ ಹೊಟ್ಟೆಯೊಳಗೆ ಇರುವುದೇನು?

ರಾಳವನ್ನು ತೂತಿಗೆ ಹೊಯ್ದೆನು. ಅದು ತುಂಬಲಿಲ್ಲ. ಇನ್ನಷ್ಟು ಹೊಯ್ದೆನು. ಸಕ್ಕರೆಯ ರಾಶಿಗೆ ಬಿಸಿನೀರು ಬಿದ್ದಂತೆ ಒಳಗಿನ ಬಿಳಿಯ ವಸ್ತು ಕುಸಿಯತೊಡಗಿತು. ನಾನು ಗಾಬರಿಯಿಂದ ಹಲಗೆಯನ್ನು ಮಗುಚಿ ರಾಳವನ್ನು ಹೊರಚೆಲ್ಲುವಷ್ಟರಲ್ಲಿ, ನಾಣ್ಯದಷ್ಟು ಬಾಯಿಯ ಹಿಂದೆ ತೆಂಗಿನ ಚಿಪ್ಪಿನಷ್ಟು ಗುಳಿಯಾಗಿತ್ತು. ಬಾಗಿಲಲ್ಲಿ ಮಗಳು ನಿಂತಿದ್ದಳು. ಅವಳು ಏನೂ ಹೇಳದೆ ಒಳಗೆ ಹೋದಳು. ಆ ರಾತ್ರಿ ನಮ್ಮ ಮನೆಯಲ್ಲಿ ಮಾತು ಬಹಳ ಕಡಿಮೆಯಾಗಿತ್ತು.

ಆದುದಿಷ್ಟೇ. ಆ ಹಲಗೆಯ ತಿರುಳು ಪಾಲಿಯುರಿಥೇನ್ ಆಗಿರಲಿಲ್ಲ. ಪಾಲಿಸ್ಟೈರೀನ್, ಎಂದರೆ ನಾವು ಥರ್ಮೊಕೋಲ್ ಎನ್ನುವ ವಸ್ತುವಿನದೇ ಒತ್ತಾದ ಜಾತಿ. ಪಾಲಿಯೆಸ್ಟರ್ ರಾಳವನ್ನು ತೆಳುಮಾಡಲು ಅದರೊಳಗೆ ಸ್ಟೈರೀನ್ ಎಂಬ ದ್ರವವನ್ನು ಸೇರಿಸಿರುವರು. ಸ್ಟೈರೀನ್ ಪಾಲಿಸ್ಟೈರೀನನ್ನು ಕರಗಿಸುವುದು. ಹೆಸರುಗಳೇ ಕೂಗಿ ಹೇಳುತ್ತಿದ್ದುವು, ವಿಜ್ಞಾನದ ಮೇಷ್ಟರಿಗೆ ಕೇಳಿಸಲಿಲ್ಲ. ಇಂತಹ ತಿರುಳಿಗೆ ಎಪಾಕ್ಸಿ ರಾಳವೊಂದೇ ಸಲ್ಲುವುದು. ಪಾಲಿಯುರಿಥೇನಿನ ಹಲಗೆಗಾದರೆ ಎರಡೂ ಆದೀತು. ಸಂದೇಹ ಬಂದಲ್ಲಿ ಎಪಾಕ್ಸಿಯನ್ನೇ ಹಿಡಿಯತಕ್ಕದ್ದು. ಪರೀಕ್ಷೆಯೂ ಕಷ್ಟವಲ್ಲ: ತೂತಿನಿಂದ ಸಾಸಿವೆಕಾಳಿನಷ್ಟು ತಿರುಳನ್ನು ಕೆದಕಿ ತೆಗೆದು, ಉಗುರಿನ ಬಣ್ಣವನ್ನು ಅಳಿಸುವ ಅಸಿಟೋನ್ ದ್ರವದ ಒಂದು ಹನಿಯಲ್ಲಿ ಹಾಕಿರಿ. ಕರಗಿ ಅಂಟಾದರೆ ಪಾಲಿಸ್ಟೈರೀನ್, ಹಾಗೆಯೇ ಉಳಿದರೆ ಪಾಲಿಯುರಿಥೇನ್. ಒಡೆದ ಕಡೆ ಅವಲಕ್ಕಿಯುಂಡೆಯಂತೆ ಸಣ್ಣ ಸಣ್ಣ ಮಣಿಗಳು ಕಂಡರೂ ಅದು ಥರ್ಮೊಕೋಲಿನ ಕುಲವೆಂದೇ ತಿಳಿಯಬೇಕು.

ಮರುದಿನದಿಂದ ಸರಿಯಾದ ಕೆಲಸ ಆರಂಭವಾಯಿತು. ಮೊದಲು ಒಣಗಿಸುವುದು. ಒಡೆದ ಹಲಗೆಯನ್ನು ಕೂಡಲೆ ನೀರಿನಿಂದ ತೆಗೆಯಬೇಕು. ಮಣಿಗಳ ಸಂದಿನಲ್ಲಿ ನೀರು ಇಳಿಯುತ್ತ ಹೋಗುವುದು. ತೂತನ್ನು ಕೆಳಮುಖ ಮಾಡಿ ನೆರಳಿನಲ್ಲಿ ನಿಲ್ಲಿಸಿ ಫ್ಯಾನಿನ ಗಾಳಿ ಬಿಡುವುದು ಮೇಲು. ಬಿಸಿಲಿಗಾಗಲಿ, ಬಾಗಿಲು ಮುಚ್ಚಿದ ಕಾರಿನೊಳಗಾಗಲಿ ಇಡಬಾರದು; ಒಳಗಿನ ಗಾಳಿ ಹಿಗ್ಗಿ ಮೇಲಿನ ಚರ್ಮ ಹಪ್ಪಳದಂತೆ ಎದ್ದೀತು. ಒಣಗಿತೆಂದು ಕೈಯಿಂದ ಮುಟ್ಟಿ ಹೇಳಲಾಗದು. ನನ್ನಾಕೆ ಇದಕ್ಕೊಂದು ಉಪಾಯ ಹೇಳಿದಳು: ಪ್ರತಿದಿನ ಒಂದೇ ಹೊತ್ತಿಗೆ ತಕ್ಕಡಿಗೆ ನೇತುಹಾಕಿ ತೂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುವುದು. ಮೂರು ದಿನ ತೂಕ ಒಂದೇ ಆಗಿದ್ದರೆ ನೀರು ಹೋಯಿತೆಂದರ್ಥ. ನಮ್ಮ ಹಲಗೆಗೆ ಹನ್ನೊಂದು ದಿನ ಹಿಡಿಯಿತು.

ಬಳಿಕ ಸಡಿಲವಾದ ಗಾಜಿನ ಚರ್ಮವನ್ನು ಕತ್ತರಿಸಿ, ಕರಗಿ ಗಟ್ಟಿಯಾದ ಕೊಳಕನ್ನೆಲ್ಲ ಕೊರೆದು ತೆಗೆದೆವು. ಸಣ್ಣ ತೂತಾದರೆ ಎಪಾಕ್ಸಿಗೆ ಗಾಜಿನ ಸೂಕ್ಷ್ಮ ಗೋಲಿಗಳ ಹಗುರವಾದ ಪುಡಿಯನ್ನು ಸೇರಿಸಿ, ಗಟ್ಟಿಚಟ್ನಿಯ ಹದಕ್ಕೆ ಕಲಸಿ ತುಂಬಿದರೆ ಸಾಕು. ನಮ್ಮದು ಗುಳಿ. ಅದಕ್ಕೆ ಅಷ್ಟೂ ರಾಳವನ್ನೇ ತುಂಬಿದರೆ ಭಾರವಾಗುವುದಲ್ಲದೆ, ಒಂದೇ ಕಡೆ ಹೆಚ್ಚು ರಾಳ ಗಟ್ಟಿಯಾಗುವಾಗ ಏಳುವ ಕಾವಿಗೆ ತಿರುಳು ಮತ್ತೆ ಕರಗೀತು. ಆದುದರಿಂದ ಗುಳಿಯನ್ನು ಚೌಕವಾಗಿ ಕೊರೆದು, ಅದೇ ಜಾತಿಯ ತುಂಡನ್ನು ಕೆತ್ತಿ, ತೆಳುವಾಗಿ ಎಪಾಕ್ಸಿ ಸವರಿ ಕೂರಿಸಿದೆವು. ಹಲ್ಲಿಗೆ ವೈದ್ಯರು ಮಾಡುವಂತೆ.

ಎಪಾಕ್ಸಿಯ ವಿಷಯದಲ್ಲಿ ನಮ್ಮ ಜನರು ಮಾಡುವ ದೊಡ್ಡ ತಪ್ಪು ಕೈಯಳತೆ. ಪಾಲಿಯೆಸ್ಟರಿಗೆ ನೂರಕ್ಕೆ ಒಂದೋ ಎರಡೋ ಪಾಲು ಪೆರಾಕ್ಸೈಡು. ಹವೆಗೆ ತಕ್ಕಂತೆ ತುಸು ಹೆಚ್ಚು ಕಡಿಮೆಯಾದರೂ ಅದು ಕ್ಷಮಿಸುವುದು. ಎಪಾಕ್ಸಿಯ ಎರಡನೆಯ ಬಾಟಲಿಯಾದರೋ ರಾಳದೊಂದಿಗೆ ಕಣಕ್ಕೆ ಕಣ ಕೂಡುವ ಜೊತೆಗಾರ. ಬೇಗ ಗಟ್ಟಿಯಾಗಲೆಂದು ಅದನ್ನು ಹೆಚ್ಚು ಹಾಕಿದರೆ ಎಂದೆಂದಿಗೂ ಮೆದುವಾಗಿಯೇ ಉಳಿಯುವುದು. ಬಾಟಲಿಯ ಮೇಲೆ ಬರೆದ ಪ್ರಮಾಣವು ತೂಕದ್ದೋ ಅಳತೆಯದೋ ಎಂಬುದನ್ನು ನೋಡಿ, ಅಕ್ಕಸಾಲಿಗನಂತೆ ತೂಗಿ, ಬಟ್ಟಲಿನ ಅಂಚು ತಳಗಳನ್ನು ಕೆರೆಯುತ್ತ ಎರಡು ಮೂರು ನಿಮಿಷ ಕಲಸಬೇಕು. ಕಲಸಿದ್ದನ್ನು ಆಳವಾದ ಲೋಟದಲ್ಲಿ ಬಿಡದೆ ಅಗಲವಾದ ತಟ್ಟೆಗೆ ಸುರಿಯಬೇಕು. ಲೋಟದಲ್ಲಿ ಬಿಟ್ಟ ರಾಳವು ಹೊಗೆಯಾಡಿ ಕೈಸುಡುವುದನ್ನು ನಾನು ಕಂಡಿದ್ದೇನೆ.

ಸುತ್ತಲೂ ಎರಡು ಮೂರು ಅಂಗುಲದವರೆಗೆ 80ನೆಯ ನಂಬರಿನ ಮರಳುಕಾಗದದಿಂದ ಉಜ್ಜಿ ಹೊಳಪನ್ನು ತೆಗೆದು, ಚದರ ಗಜಕ್ಕೆ 4 ಔನ್ಸು ತೂಗುವ ಗಾಜಿನ ಬಟ್ಟೆಯನ್ನು ಎರಡು ತುಂಡು, ಚಿಕ್ಕದರ ಮೇಲೆ ದೊಡ್ಡದಾಗಿ ಹಾಸಿದೆವು. ಹಳೆಯ ಎ.ಟಿ.ಎಂ. ಕಾರ್ಡಿನಿಂದ ನಡುವಿನಿಂದ ಅಂಚಿಗೆ ಸವರಿದರೆ ಹೆಚ್ಚಿನ ರಾಳವೂ ಗಾಳಿಗುಳ್ಳೆಯೂ ಹೋಗುವುವು. ಬಟ್ಟೆಯು ಕಣ್ಣಿಗೆ ಕಾಣದಂತಾಗುವುದೇ ಹದ. ಒಂದು ದಿನ ಬಿಟ್ಟು, ಮೇಲೆ ಮೇಣದಂತಹ ಜಿಡ್ಡು ಕಟ್ಟಿದ್ದರೆ ನೀರಿನಿಂದ ತೊಳೆದು, ಮೇಲುಲೇಪವೊಂದನ್ನು ಕೊಟ್ಟು, ಗಟ್ಟಿಯಾದ ಮೇಲೆ 120, 220, 400ರ ಕಾಗದಗಳಿಂದ ಕ್ರಮವಾಗಿ ನೀರು ಹಚ್ಚಿ ಉಜ್ಜುವುದು. ಒಣಗಿದಂತೆಯೇ ಉಜ್ಜಿದರೆ ಗಾಜಿನ ದೂಳು ಮನೆಯೆಲ್ಲ ಹರಡುವುದು. ಮೂಗಿಗೆ ದೂಳು ತಡೆಯುವ ಮುಖವಾಡ, ಕಣ್ಣಿಗೆ ಕನ್ನಡಕ, ಕೈಗೆ ನೈಟ್ರೈಲ್ ಗವುಸು, ಇವಿಲ್ಲದೆ ಮಗಳನ್ನು ಕೊಟ್ಟಿಗೆಯೊಳಗೆ ನಾನು ಬಿಡಲಿಲ್ಲ. ಎಪಾಕ್ಸಿಯು ಚರ್ಮಕ್ಕೆ ಪದೇ ಪದೇ ತಗುಲಿದರೆ ಒಂದು ದಿನ ಮೈಗೆ ಒಗ್ಗದಂತಾಗಿ, ಆಮೇಲೆ ಅದರ ಬಳಿ ಸುಳಿದರೂ ತುರಿಯೆದ್ದೀತು.

ಕಣ್ಣಿನ ಮಾತು ಬಂದುದರಿಂದ ಒಂದು ವಿಷಯವನ್ನು ಹೇಳಲೇಬೇಕು. 1952ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮೋಟಾರು ಕೊಟ್ಟಿಗೆಯೊಂದರಲ್ಲಿ ಸರ್ಫಿಂಗ್ ಅಂಗಡಿ ತೆರೆದು, ತಣ್ಣೀರಿನ ರಬ್ಬರ್ ಉಡುಪನ್ನು ಜನಪ್ರಿಯಗೊಳಿಸಿದ ಜ್ಯಾಕ್ ಓನೀಲನು 1971ರಲ್ಲಿ ಎಡಗಣ್ಣನ್ನು ಕಳೆದುಕೊಂಡನು. ಹಲಗೆಯನ್ನು ಕಾಲಿಗೆ ಕಟ್ಟುವ ಹಗ್ಗವು ಆಗ ತಾನೇ ಬಳಕೆಗೆ ಬರುತ್ತಿದ್ದಿತು. ಅಂದಿನ ಹಗ್ಗ ರಬ್ಬರಿನಂತೆ ಎಳೆದುಕೊಂಡು ಹಲಗೆಯನ್ನು ಹಿಂದಕ್ಕೆ ಚಿಮ್ಮಿಸಿತು. ಈಗಿನ ಹಗ್ಗಗಳು ಮೇಲಾದುವಾದರೂ, ಸೀಳು ಬಿದ್ದ ಹಗ್ಗಕ್ಕೆ ತೇಪೆಯಿಲ್ಲ. ಅದನ್ನು ಬಿಸಾಡಿ ಹೊಸದನ್ನು ಕೊಳ್ಳುವುದೊಂದೇ ದಾರಿ.

ಹಲಗೆ ಗುಣವಾಗುತ್ತಿದ್ದಾಗಲೇ ಎರಡನೆಯ ರೋಗಿ ಬಂದಿತು. ಕೊಲ್ಲಿಯ ದೇಶದಲ್ಲಿ ಉದ್ಯೋಗದಲ್ಲಿರುವ ನಮ್ಮ ಅಕ್ಕನ ಮಗನು ಊರಿಗೆ ಬಂದಾಗ ತಂದ ಹೈಡ್ರೋಫಾಯಿಲನ್ನು ನಮ್ಮಲ್ಲಿ ಬಿಟ್ಟುಹೋಗಿದ್ದನು. ಹಲಗೆಯ ಅಡಿಗೆ ಒಂದು ಕಂಬ, ಕಂಬದ ಕೆಳಗೆ ಒಂದು ದಂಡ, ದಂಡದ ಮುಂದೆ ದೊಡ್ಡ ರೆಕ್ಕೆ, ಹಿಂದೆ ಸಣ್ಣ ರೆಕ್ಕೆ. ನೀರು ಗಾಳಿಗಿಂತ ಸುಮಾರು ಎಂಟುನೂರು ಪಾಲು ಸಾಂದ್ರವಾದುದರಿಂದ ಮೊರದಷ್ಟು ರೆಕ್ಕೆಯೇ ಮನುಷ್ಯನನ್ನು ನೀರಿನ ಮೇಲಕ್ಕೆ ಎತ್ತಿಬಿಡುವುದು. ಉಪಾಯ ಹೊಸದಲ್ಲ: ಇಟಲಿಯ ಫೋರ್ಲಾನೀನಿ 1906ರಲ್ಲಿ ಇದರಿಂದ ದೋಣಿಯನ್ನೆತ್ತಿದನು. ಟೆಲಿಫೋನಿನ ಬೆಲ್ ಮಹಾಶಯನೂ ಅವನ ಜೊತೆಗಾರ ಬಾಲ್ಡ್‌ವಿನ್ನನೂ ಕೆನಡಾದಲ್ಲಿ ಕಟ್ಟಿದ ದೋಣಿಯು 1919ರಲ್ಲಿ ಗಂಟೆಗೆ 70 ಮೈಲಿಗೂ ಮಿಕ್ಕಿ ಓಡಿತು.

ಅಳಿಯನು ಅದನ್ನು ಉಪ್ಪುನೀರಿನಿಂದ ತೆಗೆದವನು ಬಿಚ್ಚದೆ ಹಾಗೆಯೇ ಇಟ್ಟಿದ್ದನು. ಕಂಬ ಅಲ್ಯುಮಿನಿಯಂ, ಸ್ಕ್ರೂ ತುಕ್ಕು ಹಿಡಿಯದ ಉಕ್ಕು. ಎರಡು ಲೋಹಗಳ ನಡುವೆ ಉಪ್ಪುನೀರು ನಿಂತರೆ ಅದೊಂದು ಬ್ಯಾಟರಿಯೇ ಸರಿ. ಅಲ್ಯುಮಿನಿಯಂ ತಿಂದುಹೋಗಿ ಬಿಳಿಯ ಹಿಟ್ಟಾಗಿ, ಸ್ಕ್ರೂವನ್ನು ಬಂಧಿಸಿಬಿಡುವುದು. ಬಲದಿಂದ ತಿರುವಿದರೆ ಸ್ಕ್ರೂವಿನ ತಲೆ ಸವೆಯುವುದಲ್ಲದೆ ಬೇರೆ ಲಾಭವಿಲ್ಲ. ಸಂದಿಗೆ ತೆಳುವಾದ ಎಣ್ಣೆಯನ್ನು ಬಿಟ್ಟು ಒಂದು ರಾತ್ರಿ ಕಾದು, ಮರುದಿನ ಕುದಿನೀರನ್ನು ಹೊಯ್ದೆವು. ಕಾವಿಗೆ ಅಲ್ಯುಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗುವುದರಿಂದ ತೂತು ಸಡಿಲುವುದು. ತಲೆಗೆ ಸರಿಯಾಗಿ ಕೂರುವ ಕೀಲಿಯಿಂದ ಸುತ್ತಿಗೆಯ ಮೆದುಪೆಟ್ಟು ಕೊಟ್ಟು ತಿರುವಿದಾಗ ನಾಲ್ಕರಲ್ಲಿ ಮೂರು ಬಂದುವು. ನಾಲ್ಕನೆಯದನ್ನು ಯಂತ್ರಾಗಾರದಲ್ಲಿ ಕೊರೆಸಬೇಕಾಯಿತು. ಕಾರ್ಬನ್ ನಾರಿನ ಭಾಗಗಳಿಗೆ ಮಾತ್ರ ಕಾವು ತಗುಲಿಸಬಾರದು. ಪ್ರತಿಸಲವೂ ಸಿಹಿನೀರಿನಿಂದ ತೊಳೆದು, ಬಿಚ್ಚಿ, ಸ್ಕ್ರೂವಿಗೆ ಟೆಫ್ಲಾನ್ ಬೆರೆತ ಜಿಡ್ಡನ್ನು ಸವರಿಟ್ಟಿದ್ದರೆ ಇಷ್ಟು ಪಾಡಿರಲಿಲ್ಲ.

ರೆಕ್ಕೆಯ ಮುಂಚೂಣಿಯಲ್ಲಿ ಬಿದ್ದ ಸಣ್ಣ ಕಚ್ಚುಗಳನ್ನು ಎಪಾಕ್ಸಿಯಿಂದ ತುಂಬಿ, ಇದ್ದ ದುಂಡುತನವನ್ನು ಕೆಡಿಸದೆ ಉಜ್ಜಬೇಕು. ಅದನ್ನು ಕತ್ತಿಯಂತೆ ಹರಿತಮಾಡುವುದು ಮೂರ್ಖತನ. ಓಡುವಾಗ ರೆಕ್ಕೆ ತಂಬೂರಿಯಂತೆ ಗುಂಯ್‌ಗುಟ್ಟಿದರೆ ದೋಷವು ಸಾಮಾನ್ಯವಾಗಿ ಹಿಂಬದಿಯ ಅಂಚಿನಲ್ಲಿದೆ. ಆ ಅಂಚಿನ ಒಂದೇ ಬದಿಯನ್ನು 400ರ ಕಾಗದದಿಂದ ತುಸು ಓರೆಯಾಗಿ ಉಜ್ಜಿದರೆ ಸದ್ದು ಅಡಗುವುದು. ಇನ್ನು ಸಮತೋಲ. ಮೂತಿ ಮೇಲೇಳುತ್ತಲೇ ಇದ್ದು ಮುಂಗಾಲಿನಿಂದ ಒತ್ತಿ ಒತ್ತಿ ಸಾಕಾದರೆ, ಕಂಬವನ್ನು ಹಳಿಯಲ್ಲಿ ಹಿಂದಕ್ಕೆ ಒಂದು ಬೆರಳಷ್ಟು ಸರಿಸಬೇಕು. ಅಥವಾ ಹಿಂದಿನ ರೆಕ್ಕೆ ಕೆಳಕ್ಕೆ ಒತ್ತುವ ಕೋನವನ್ನು ತೆಳುವಾದ ಬೆಣೆಯಿಂದ ಕಡಿಮೆಮಾಡಬೇಕು. ಎ.ಟಿ.ಎಂ. ಕಾರ್ಡಿನ ದಪ್ಪ 0.76 ಮಿಲಿಮೀಟರು, 44 ಮಿಲಿಮೀಟರು ಉದ್ದದ ಪೀಠದ ಒಂದು ತುದಿಯನ್ನು ಅಷ್ಟು ಎತ್ತಿದರೆ ಸುಮಾರು ಒಂದು ಡಿಗ್ರಿ. ಅರ್ಧ ಡಿಗ್ರಿಯೇ ಸವಾರನಿಗೆ ಗೊತ್ತಾಗುವುದು. ಕಾರ್ಡನ್ನು ಅರದಿಂದ ಓರೆಯಾಗಿ ತೇಯ್ದು ಬೆಣೆಮಾಡಿಕೊಳ್ಳಬೇಕು, ಇಲ್ಲವಾದರೆ ಸ್ಕ್ರೂ ಬಾಗುವುದು. ಒಂದು ಸಲಕ್ಕೆ ಒಂದೇ ಬದಲಾವಣೆ, ಅದನ್ನು ಪುಸ್ತಕದಲ್ಲಿ ಬರೆದಿಡುವುದು. ಎರಡನ್ನು ಒಟ್ಟಿಗೆ ಬದಲಿಸಿದ ನಮ್ಮ ಅಳಿಯನಿಗೆ ಯಾವುದರಿಂದ ಗುಣವಾಯಿತೆಂಬುದು ಇಂದಿಗೂ ತಿಳಿಯದು.

ಮಳೆ ಹಿಡಿಯುವ ಮುಂಚಿನ ಒಂದು ಭಾನುವಾರ ಮಗಳು ತನ್ನ ಹಲಗೆಯನ್ನು ಕಡಲಿಗೆ ಒಯ್ದಳು. ಹೊರಡುವ ಮೊದಲು ತಕ್ಕಡಿಗೆ ನೇತುಹಾಕಿದೆವು: ಒಡೆಯುವುದಕ್ಕೆ ಮುಂಚೆ ಇದ್ದುದಕ್ಕಿಂತ 180 ಗ್ರಾಮು ಹೆಚ್ಚು. ತೇಪೆಯ ಜಾಗ ಸ್ವಲ್ಪ ಹಳದಿ. ದಡದಲ್ಲಿ ನಾನೂ ಅವಳ ತಾಯಿಯೂ ನಿಂತಿದ್ದೆವು. ನನ್ನ ಕೈಯಲ್ಲಿ ಕೊಡೆ, ಅವಳ ಕೈಯಲ್ಲಿ ಟವಲು. ಮೊದಲನೆಯ ಅಲೆಗೆ ಬಿದ್ದಳು, ಎರಡನೆಯದಕ್ಕೂ ಬಿದ್ದಳು. ಮೂರನೆಯದರಲ್ಲಿ ಎದ್ದು ನಿಂತು ದಡದವರೆಗೆ ಬಂದವಳು, ಹಲಗೆಯನ್ನು ಮಗುಚಿ, ತೇಪೆಯ ಮೇಲೆ ಬೆರಳಾಡಿಸಿ ನೋಡಿ, "ನೀರು ಇಳಿದಿಲ್ಲ ಅಪ್ಪಾ," ಎಂದು ಮತ್ತೆ ನೀರಿಗೆ ಹೋದಳು. ಮನೆಗೆ ಬಂದ ಮೇಲೆ ಪುನಃ ತೂಗಿ ಕ್ಯಾಲೆಂಡರಿನಲ್ಲಿ ಬರೆದೆನು.