ಎರಡು ನುಡಿಗಳ ನಡುವೆ ಬೆಳೆಯುವ ಮಗು

ವಿಜಯವಾಡದ ಗವರ್ನರ್‌ಪೇಟೆಯಲ್ಲಾಗಲಿ ವಿಶಾಖಪಟ್ಟಣದ ಉಕ್ಕುನಗರದಲ್ಲಾಗಲಿ ನೆಲೆಸಿದ ಕನ್ನಡದ ಮನೆಯಲ್ಲಿ ಮೂರು ವರ್ಷದ ಮಗು "ಅಮ್ಮಾ, ನೀಳ್ಳು ಬೇಕು" ಎಂದು ಕೇಳುವುದು ಅಪರೂಪವಲ್ಲ. 'ನೀಳ್ಳು' ನೆರೆಮನೆಯ ತೆಲುಗು. 'ಬೇಕು' ತಾಯಿಯ ಕನ್ನಡ. ಅಜ್ಜಿ ಕೇಳಿ ನಗುತ್ತಾರೆ. ತಂದೆತಾಯಿಗಳಿಗೆ ಮಾತ್ರ ಚಿಂತೆ. ಮಗು ಅತ್ತ ಕನ್ನಡವೂ ಇಲ್ಲದೆ ಇತ್ತ ತೆಲುಗೂ ಇಲ್ಲದೆ ಎಡಬಿಡಂಗಿಯಾದೀತೆ? ಶಾಲೆಗೆ ಸೇರಿಸುವ ಕಾಲಕ್ಕೆ ಈ ಚಿಂತೆ ಇಮ್ಮಡಿಯಾಗುತ್ತದೆ. "ಮನೆಯಲ್ಲಿಯೂ ಇಂಗ್ಲಿಷನ್ನೇ ಆಡಿರಿ, ಇಲ್ಲವಾದರೆ ಮಗು ಹಿಂದುಳಿಯುತ್ತದೆ" ಎಂಬ ಸಲಹೆ ಯಾರಿಂದಲಾದರೂ ಬಂದೇ ಬರುತ್ತದೆ. ಹೀಗೆ ಅನೇಕ ಮನೆಗಳಲ್ಲಿ ಕನ್ನಡವು ಪಡಸಾಲೆಯಿಂದ ಅಡುಗೆಮನೆಗೆ, ಅಲ್ಲಿಂದ ಅಜ್ಜಿಯ ಕೋಣೆಗೆ ಸರಿದು, ಕೊನೆಗೆ ಅಜ್ಜಿಯೊಡನೆಯೇ ಹೊರಟುಹೋಗುತ್ತದೆ.

ಈ ಸಲಹೆಗೆ ಮನಶ್ಶಾಸ್ತ್ರದ ಆಧಾರವುಂಟೆ ಎಂಬುದು ವಿಚಾರಮಾಡತಕ್ಕ ವಿಷಯ.

ಎಳೆಯ ಮೆದುಳಿನ ಕೆಲಸ

ಹುಟ್ಟಿದಾಗ ಮಗುವಿನ ಮೆದುಳಿನ ತೂಕ ವಯಸ್ಕರ ಮೆದುಳಿನ ಕಾಲುಭಾಗಕ್ಕಿಂತ ತುಸು ಹೆಚ್ಚು. ಎರಡು ವರ್ಷ ತುಂಬುವಷ್ಟರಲ್ಲಿ ಅದು ಮುಕ್ಕಾಲು ಪಾಲನ್ನು ಮುಟ್ಟುತ್ತದೆ. ಈ ಅವಧಿಯಲ್ಲಿ ನರಕೋಶಗಳ ನಡುವೆ ಅಸಂಖ್ಯಾತ ಸಂಪರ್ಕಗಳು ಏರ್ಪಡುತ್ತವೆ. ಬಳಕೆಯಲ್ಲಿರುವವು ಗಟ್ಟಿಯಾಗುತ್ತವೆ, ಬಳಸದಿದ್ದವು ಕ್ರಮೇಣ ಅಳಿಯುತ್ತವೆ. ಭಾಷೆಯ ಕಲಿಕೆಯೂ ಈ ನಿಯಮಕ್ಕೆ ಹೊರತಲ್ಲ.

ಅಭಿಮನ್ಯು ಗರ್ಭದಲ್ಲಿದ್ದಾಗಲೇ ಚಕ್ರವ್ಯೂಹದ ಭೇದನವನ್ನು ಕೇಳಿದನೆಂಬ ಕಥೆ ಎಲ್ಲರಿಗೂ ತಿಳಿದದ್ದು. ವ್ಯೂಹಭೇದನದ ಮಾತು ಹಾಗಿರಲಿ. ಬಸುರಿನ ಕೊನೆಯ ತಿಂಗಳುಗಳಲ್ಲಿ ಶಿಶುವಿಗೆ ತಾಯಿಯ ದನಿ ಕೇಳಿಸುತ್ತದೆ ಎಂಬುದು ನಿಜ. ಹುಟ್ಟಿದ ಕೆಲವೇ ದಿನಗಳಲ್ಲಿ ಶಿಶುವು ಬೇರೆ ಹೆಂಗಸಿನ ದನಿಗಿಂತ ತನ್ನ ತಾಯಿಯ ದನಿಯನ್ನೇ ಮೆಚ್ಚಿ ಆಲಿಸುತ್ತದೆ ಎಂದು 1980ರಲ್ಲಿ ಅಮೆರಿಕದ ಡಿಕ್ಯಾಸ್ಪರ್ ಮತ್ತು ಫೈಫರ್ ತೋರಿಸಿದರು.

1984ರಲ್ಲಿ ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಪ್ರಕಟಿಸಿದ ಪ್ರಯೋಗ ಕನ್ನಡಿಗರಿಗೆ ವಿಶೇಷ ಸ್ವಾರಸ್ಯದ್ದು. 'ತ' ಮತ್ತು 'ಟ'ಗಳ ಭೇದ ಹಿಂದಿಯಲ್ಲುಂಟು, ಇಂಗ್ಲಿಷಿನಲ್ಲಿಲ್ಲ. ಕನ್ನಡದಲ್ಲಂತೂ 'ತಟ್ಟೆ' ಎಂಬ ಒಂದೇ ಪದದಲ್ಲಿ ಎರಡೂ ಇವೆ. ಇಂಗ್ಲಿಷ್ ಮನೆಮಾತಿನ ಆರರಿಂದ ಎಂಟು ತಿಂಗಳ ಕೂಸುಗಳು ಈ ಭೇದವನ್ನು ಸಲೀಸಾಗಿ ಗುರುತಿಸಿದವು. ವರ್ಷ ತುಂಬುವ ಹೊತ್ತಿಗೆ ಆ ಶಕ್ತಿ ಬಹುಮಟ್ಟಿಗೆ ಕುಗ್ಗಿತ್ತು. ಹಿಂದಿ ಕೇಳಿ ಬೆಳೆದ ಮಕ್ಕಳಲ್ಲಿ ಅದು ಉಳಿದಿತ್ತು. ಮಗು ಮಾತನಾಡುವ ಮೊದಲೇ ಅದರ ಕಿವಿ ತನ್ನ ಸುತ್ತಣ ನುಡಿಗೆ ಹೊಂದಿಕೊಂಡಿರುತ್ತದೆ ಎಂಬುದು ಇದರ ತಾತ್ಪರ್ಯ.

ಹಾಗಾದರೆ ಆಕಾಶವಾಣಿಯೋ ದೂರದರ್ಶನವೋ ಈ ಕೆಲಸವನ್ನು ಮಾಡಬಲ್ಲದೆ? 2003ರಲ್ಲಿ ಪೆಟ್ರೀಷಿಯಾ ಕುಲ್ ಮತ್ತು ಸಂಗಡಿಗರು ಅಮೆರಿಕದ ಒಂಬತ್ತು ತಿಂಗಳ ಕೂಸುಗಳಿಗೆ ಚೀನೀ ಭಾಷೆಯನ್ನು ಕೇಳಿಸಿದರು. ಎದುರಿಗೆ ಕುಳಿತು ಆಡಿಸಿದವರಿಂದ ಕೂಸುಗಳು ಆ ಭಾಷೆಯ ಧ್ವನಿಗಳನ್ನು ಕಲಿತವು. ಅದನ್ನೇ ಪರದೆಯ ಮೇಲೆ ತೋರಿಸಿದಾಗ ಏನೂ ಕಲಿಯಲಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ಮಾತನಾಡಿಸುವ ಅಜ್ಜಿಯ ಸ್ಥಾನವನ್ನು ಇಂದಿನ ಮೊಬೈಲ್ ತುಂಬಲಾರದು.

ಹಳೆಯ ಭಯ, ಹೊಸ ತಿಳಿವು

ಎರಡು ಭಾಷೆ ಮಗುವಿನ ಬುದ್ಧಿಯನ್ನು ಕೆಡಿಸುತ್ತದೆ ಎಂಬ ಭಯಕ್ಕೆ ಒಂದು ಚರಿತ್ರೆಯುಂಟು. 1923ರಲ್ಲಿ ವೇಲ್ಸ್‌ನ ಶಾಲೆಗಳಲ್ಲಿ ಪರೀಕ್ಷೆ ನಡೆಸಿದ ಸೇರ್ ಎಂಬ ಸಂಶೋಧಕರು, ದ್ವಿಭಾಷಿಕರಾದ ಹಳ್ಳಿಯ ಮಕ್ಕಳು ಬುದ್ಧಿಪರೀಕ್ಷೆಯಲ್ಲಿ ಹಿಂದೆಬಿದ್ದರೆಂದು ಬರೆದರು. ಅಂದಿನ ಇಂಥ ಅಧ್ಯಯನಗಳು ಮನೆಯ ಸ್ಥಿತಿಗತಿಯನ್ನಾಗಲಿ ಪರೀಕ್ಷೆಯ ಭಾಷೆಯಲ್ಲಿ ಮಗುವಿಗಿದ್ದ ಹಿಡಿತವನ್ನಾಗಲಿ ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 1962ರಲ್ಲಿ ಮಾಂಟ್ರಿಯಲ್ ನಗರದ ಹತ್ತು ವರ್ಷದ ಮಕ್ಕಳಲ್ಲಿ ಸಮಾನ ಅಂತಸ್ತಿನ ಮನೆಯವರನ್ನೇ ಹೋಲಿಸಿದ ಪೀಲ್ ಮತ್ತು ಲ್ಯಾಂಬರ್ಟ್ ಅವರಿಗೆ ದ್ವಿಭಾಷಿಕ ಮಕ್ಕಳೇ ಮುಂದಿರುವುದು ಕಂಡುಬಂದಿತು.

ವಿಶಾಖಪಟ್ಟಣಕ್ಕೆ ಉತ್ತರದಲ್ಲಿರುವ ಒಡಿಶಾದ ಬೆಟ್ಟಸೀಮೆಯಲ್ಲಿ ಮನಶ್ಶಾಸ್ತ್ರಜ್ಞ ಅಜಿತ್ ಮೊಹಾಂತಿ ಅವರು ಕಂಧ ಜನಾಂಗದ ಮಕ್ಕಳನ್ನು ಅಭ್ಯಸಿಸಿದರು. ಆ ಜನಾಂಗದಲ್ಲಿ ಕೆಲವರು ಕುಯಿ, ಒಡಿಯಾ ಎರಡನ್ನೂ ಆಡುತ್ತಾರೆ. ಕೆಲವರು ಕುಯಿಯನ್ನು ಮರೆತು ಒಡಿಯಾ ಒಂದನ್ನೇ ಆಡುತ್ತಾರೆ. ಎರಡು ನುಡಿಯನ್ನು ಉಳಿಸಿಕೊಂಡ ಮಕ್ಕಳು ಬುದ್ಧಿಯ ಕೆಲಸಗಳಲ್ಲಿ ಹಿಂದೆಬೀಳಲಿಲ್ಲ, ಮೇಲುಗೈಯನ್ನೇ ಪಡೆದರು.

ಮುಪ್ಪಿನ ಮಾತೂ ಇಲ್ಲಿ ಪ್ರಸ್ತುತ. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಮರೆವಿನ ರೋಗಕ್ಕೆ ತುತ್ತಾದ 648 ಮಂದಿಯನ್ನು ಪರಿಶೀಲಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ 391 ಮಂದಿ ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರು. ಒಂದೇ ಭಾಷೆಯವರಿಗಿಂತ ಇವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ತಲೆದೋರಿತ್ತು. ಓದುಬರಹ ಬಾರದವರಲ್ಲಿಯೂ ಈ ವ್ಯತ್ಯಾಸ ಕಂಡಿತು.

ಆದರೂ ಅತಿಶಯೋಕ್ತಿ ಸಲ್ಲದು. 2019ರಲ್ಲಿ ಪ್ರಕಟವಾದ, ಅಮೆರಿಕದ ಸುಮಾರು 4,500 ಮಕ್ಕಳ ಅಧ್ಯಯನದಲ್ಲಿ ಗಮನ ಹಾಗೂ ಮನಸ್ಸಿನ ಹತೋಟಿಯ ವಿಷಯದಲ್ಲಿ ದ್ವಿಭಾಷಿಕರಿಗೆ ಹೆಚ್ಚುಗಾರಿಕೆಯೇನೂ ಕಾಣಲಿಲ್ಲ. ಎರಡು ಭಾಷೆಯಿಂದ ಮಗು ಮೇಧಾವಿಯಾಗುತ್ತದೆ ಎನ್ನುವುದಕ್ಕೆ ಒಮ್ಮತವಿಲ್ಲ. ಆದರೆ ಅದರಿಂದ ಬುದ್ಧಿ ಕುಂದುತ್ತದೆ ಎಂಬ ಹಳೆಯ ಭಯಕ್ಕೆ ಇಂದು ಆಧಾರ ಉಳಿದಿಲ್ಲ. "ನೀಳ್ಳು ಬೇಕು" ಎಂಬ ಬೆರಕೆ ರೋಗಲಕ್ಷಣವಲ್ಲ. ಕೈಗೆ ಸಿಕ್ಕ ಪದದಿಂದ ಕೆಲಸ ಸಾಗಿಸುವ ಜಾಣತನ. ವರ್ಷಗಳು ಕಳೆದಂತೆ ಮಗು ಯಾರೊಡನೆ ಯಾವ ನುಡಿ ಎಂಬುದನ್ನು ತಾನೇ ವಿಂಗಡಿಸಿಕೊಳ್ಳುತ್ತದೆ.

ತಡವನ್ನು ಭಾಷೆಯ ತಲೆಗೆ ಕಟ್ಟಬಾರದು

ನಿಜವಾದ ಅಪಾಯ ಬೇರೊಂದು ಕಡೆ ಇದೆ. ಮಗುವಿಗೆ ಮಾತು ಬರುವುದು ತಡವಾದರೆ, "ಮನೆಯಲ್ಲಿ ಕನ್ನಡ, ಹೊರಗೆ ತೆಲುಗು, ಶಾಲೆಯಲ್ಲಿ ಇಂಗ್ಲಿಷ್; ಪಾಪ, ಗೊಂದಲವಾಗಿದೆ" ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಹೀಗೆ ಕಾಯುತ್ತ ಕುಳಿತಾಗ ಕಿವುಡುತನದಂಥ ದೋಷ ಮರೆಯಲ್ಲಿಯೇ ಉಳಿದು ಅಮೂಲ್ಯವಾದ ಕಾಲ ಕಳೆದುಹೋಗುತ್ತದೆ. ಎರಡು ಭಾಷೆಯಿಂದ ಕಿವುಡುತನವಾಗಲಿ ಆಟಿಸಮ್ ಆಗಲಿ ಬರುವುದಿಲ್ಲ.

ಮಗು ಒಂಬತ್ತು ತಿಂಗಳಾದರೂ 'ಬಬಬ', 'ಮಮಮ' ಎಂದು ತೊದಲದಿದ್ದರೆ, ವರ್ಷವಾದರೂ ಹೆಸರು ಹಿಡಿದು ಕರೆದಾಗ ತಿರುಗದಿದ್ದರೆ, ಒಂದೂವರೆ ವರ್ಷವಾದರೂ ಅರ್ಥವುಳ್ಳ ಒಂದು ಪದವನ್ನೂ ಆಡದಿದ್ದರೆ, ಎರಡು ವರ್ಷವಾದರೂ 'ಹಾಲು ಬೇಕು' ಎಂಬಂತೆ ಎರಡು ಪದ ಜೋಡಿಸದಿದ್ದರೆ ವೈದ್ಯರಿಗೆ ತೋರಿಸಬೇಕು. ಬಂದ ಮಾತು ಹಿಂದೆ ಹೋದರಂತೂ, ವಯಸ್ಸು ಎಷ್ಟೇ ಇರಲಿ, ತಡಮಾಡಬಾರದು. ಪದಗಳನ್ನು ಎಣಿಸುವಾಗ ಎಲ್ಲ ಭಾಷೆಯ ಪದಗಳನ್ನೂ ಕೂಡಿಸಿ ಎಣಿಸಬೇಕು. ಹತ್ತು ಕನ್ನಡ ಪದ, ಹದಿನೈದು ತೆಲುಗು ಪದ ಬಲ್ಲ ಮಗುವಿಗೆ ಬರುವುದು ಹತ್ತೇ ಪದವೆನ್ನುವುದು ಅನ್ಯಾಯ.

ಮೊದಲು ಆಗಬೇಕಾದದ್ದು ಕಿವಿಯ ಪರೀಕ್ಷೆ. ಮಲಗಿದ ಕೂಸಿಗೂ ನೋವಿಲ್ಲದೆ ಇದನ್ನು ಮಾಡಬಹುದು. ಆರು ತಿಂಗಳೊಳಗೆ ದೋಷ ಪತ್ತೆಯಾಗಿ ಚಿಕಿತ್ಸೆ ದೊರೆತ ಮಕ್ಕಳ ಮಾತು, ತಡವಾಗಿ ಪತ್ತೆಯಾದವರಿಗಿಂತ ಬಹಳ ಉತ್ತಮವಾಗಿರುತ್ತದೆಂದು 1998ರಲ್ಲಿ ಅಮೆರಿಕದ ಸಂಶೋಧನೆ ಸಿದ್ಧಪಡಿಸಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಮಕ್ಕಳ ಇಂಥ ದೋಷಗಳ ತಪಾಸಣೆಗೆ ಏರ್ಪಾಡುಂಟು. ರಜೆಯಲ್ಲಿ ಊರಿಗೆ ಹೋಗುವವರಿಗೆ 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ.

ಪರೀಕ್ಷಿಸುವ ತಜ್ಞರಿಗೆ ಮನೆಯ ಭಾಷೆ ಯಾವುದೆಂದು ಮೊದಲೇ ತಿಳಿಸಬೇಕು. ಬಾರದ ಭಾಷೆಯಲ್ಲಿ ಪ್ರಶ್ನೆ ಕೇಳಿ ಬುದ್ಧಿ ಅಳೆಯಲಾಗದೆಂಬ ಅರಿವು ಹಳೆಯದು. ಬಿನೆಯ ಬುದ್ಧಿಪರೀಕ್ಷೆಯನ್ನು ವಿ. ವಿ. ಕಾಮತರು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದ್ದು 1930ರ ದಶಕದಷ್ಟು ಹಿಂದೆಯೇ.

ಮನೆಯಲ್ಲಿ ಆಗಬೇಕಾದದ್ದು

ತಂದೆತಾಯಿಗಳು ತಮಗೆ ಸಹಜವಾಗಿ, ಸಮೃದ್ಧವಾಗಿ ಬರುವ ನುಡಿಯಲ್ಲಿಯೇ ಮಗುವಿನೊಡನೆ ಆಡಬೇಕು. ಅರೆಬರೆ ಇಂಗ್ಲಿಷಿನಲ್ಲಿ ಮುದ್ದು ಮಾಡಲಾಗದು, ಕಥೆ ಹೇಳಲಾಗದು. ಸ್ನಾನ, ಊಟ, ನಿದ್ದೆಯ ಹೊತ್ತು ಕನ್ನಡಕ್ಕೆ ಮೀಸಲಾಗಲಿ. ಮಗು ತೆಲುಗು ಪದ ಬೆರೆಸಿದರೆ ಗದರಿಸದೆ, "ನೀರು ಬೇಕೆ? ತಗೋ ನೀರು" ಎಂದು ಮರುನುಡಿದರೆ ಸಾಕು. ತೆಲುಗನ್ನು ದೂರವಿಡಬೇಕಾದುದೂ ಇಲ್ಲ. ಮಗುವಿನ ಗೆಳೆತನಗಳು ಅರಳುವುದು ಆ ನುಡಿಯಲ್ಲಿಯೇ.

ಅದು ಪರಕೀಯವೂ ಅಲ್ಲ. ಮನೆಯಲ್ಲಿ 'ಹಾಲು, ಹುಲಿ' ಎನ್ನುವ ಮಗು ಬೀದಿಯಲ್ಲಿ 'ಪಾಲು, ಪುಲಿ' ಎನ್ನುತ್ತದೆ. ಹಳಗನ್ನಡದವರೂ 'ಪಾಲ್, ಪುಲಿ' ಎಂದೇ ಅಂದವರು. ಆದಿಕವಿ ಪಂಪನ ಪೂರ್ವಿಕರು ವೆಂಗಿಮಂಡಲದವರು. ಆ ವೆಂಗಿ ಇದ್ದುದು ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ಹೋಗುವ ಹಾದಿಯ ಏಲೂರಿನ ಬಳಿ. ಪಂಪನ ತಮ್ಮ ಜಿನವಲ್ಲಭನು ಕುರಿಕ್ಯಾಲದಲ್ಲಿ ಕೆತ್ತಿಸಿದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಉಂಟು. ಸಾವಿರ ವರ್ಷಗಳ ಹಿಂದೆ ಒಂದೇ ಬಂಡೆಯ ಮೇಲೆ ಮೂರು ನುಡಿಗಳಿಗೆ ಎಡೆ ದೊರೆತಿತ್ತು. ಒಂದು ಎಳೆಯ ಮೆದುಳಿನಲ್ಲಿ ಅವಕ್ಕೆ ಎಡೆ ಸಾಲದೆಂದು ಅಂಜುವ ಕಾರಣವಿಲ್ಲ.