ಡೋಲಿ ಏರಿ ಬಂದ ಆಟ

ಜಪಾನಿನ ಬಂದರು ನಗರ ಕೋಬೆಯ ಬೆನ್ನಿಗೇ ರೊಕ್ಕೊ ಪರ್ವತ ನಿಂತಿದೆ. ಅದರ ಎತ್ತರ 931 ಮೀಟರ್. ಆ ದೇಶದ ಮೊತ್ತಮೊದಲ ಗಾಲ್ಫ್ ಮೈದಾನ ಇರುವುದು ಇದರ ನೆತ್ತಿಯ ಮೇಲೆ. ಸಮತಟ್ಟು ನೆಲ ಬೇಡುವ ಆಟವೊಂದು ಗುಡ್ಡದ ತುದಿಗೆ ಹೋಗಿ ಕೂತದ್ದಕ್ಕೆ ಕಾರಣ ಕೋಬೆಯ ಬೇಸಗೆ.

1868ರಲ್ಲಿ ಕೋಬೆ ಬಂದರು ವಿದೇಶೀಯರಿಗೆ ತೆರೆದುಕೊಂಡಿತು. ಅದೇ ವರ್ಷ ಅಲ್ಲಿಗೆ ಬಂದಿಳಿದವರಲ್ಲಿ ಆರ್ಥರ್ ಹೆಸ್ಕೆತ್ ಗ್ರೂಮ್ ಎಂಬ ಇಂಗ್ಲಿಷ್ ವ್ಯಾಪಾರಿಯೂ ಒಬ್ಬ. ಪೇಟೆಯ ಸೆಕೆ ತಾಳಲಾರದೆ ಆತ 1895ರಲ್ಲಿ ಬೆಟ್ಟದ ಮೇಲೊಂದು ಮನೆ ಕಟ್ಟಿಸಿದ. ಆಗಿನ ರೊಕ್ಕೊ ಇಂದಿನಂತೆ ಹಸಿರಲ್ಲ. ಸೌದೆಗೆಂದು ಮರ ಕಡಿದೂ ಕಡಿದೂ ಬೋಳಾಗಿದ್ದ ಗುಡ್ಡ ಅದು. ಗ್ರೂಮ್ ಕೈಯಿಂದ ಹಣ ಹಾಕಿ ದಾರಿ ಮಾಡಿಸಿದ, ಗಿಡ ನೆಡಿಸಿದ. 1901ರಲ್ಲಿ ಗೆಳೆಯರೊಡನೆ ಕುರುಚಲು ಬಿದಿರು ಸವರಿ, ಕಲ್ಲು ಆಯ್ದು ನಾಲ್ಕು ಕುಳಿಗಳ ಆಟದ ಬಯಲು ಸಿದ್ಧಮಾಡಿದ. 1903ರಲ್ಲಿ ಒಂಬತ್ತು ಕುಳಿಗಳೊಂದಿಗೆ ಕೋಬೆ ಗಾಲ್ಫ್ ಕ್ಲಬ್ ವಿಧ್ಯುಕ್ತವಾಗಿ ಆರಂಭವಾಯಿತು. ಮರುವರ್ಷವೇ ಕುಳಿಗಳು ಹದಿನೆಂಟಾದವು.

ಸದಸ್ಯರಲ್ಲಿ ಹೆಚ್ಚಿನವರು ಬ್ರಿಟಿಷರು. ದೊರೆಗಳು ಬೆಟ್ಟ ಹತ್ತುತ್ತಿದ್ದುದು ಕೂಲಿಗಳು ಹೊತ್ತ ಡೋಲಿಯಲ್ಲಿ! ಚೆಂಡನ್ನು ಕುಳಿಗೆ ಹಾಕುವ ಜಾಗಕ್ಕೆ 'ಗ್ರೀನ್' ಎಂದು ಹೆಸರಿದ್ದರೂ ಇಲ್ಲಿ ಮೊದಮೊದಲು ಇದ್ದದ್ದು ಹುಲ್ಲಲ್ಲ, ಮರಳು. ಚಳಿಗಾಲದಲ್ಲಿ ಹಿಮ ಬಿದ್ದು ಆಟವೇ ನಿಂತುಹೋಗುತ್ತಿತ್ತು. ಇದರಿಂದ ಬೇಸತ್ತ ರಾಬಿನ್ಸನ್ ಎಂಬ ಸದಸ್ಯ 1904ರಲ್ಲಿ ಕೆಳಗಿನ ಕಡಲತೀರದ ಯೊಕೊಯಾ ಹಳ್ಳಿಯಲ್ಲಿ ದೇಶದ ಎರಡನೆಯ ಮೈದಾನ ಮಾಡಿದ.

ಈ ಆಟ ಜಪಾನೀಯರ ಕೈಗೆ ಬಂದ ಬಗೆ ಇನ್ನೂ ಸ್ವಾರಸ್ಯಕರ. 1914ರಲ್ಲಿ ಟೋಕಿಯೊದ ಸಿರಿವಂತರು ತಮ್ಮದೇ ಮೈದಾನ ಮಾಡಿಕೊಂಡರು, ನಿಜ. ಆದರೆ ಆಟವನ್ನೇ ಜೀವನೋಪಾಯವಾಗಿಸಿಕೊಂಡು ಪಳಗಿದವರು ಚೀಲ ಹೊರುವ ಹುಡುಗರು, ಅಂದರೆ ಕ್ಯಾಡಿಗಳು. ದುಡ್ಡಿಗಾಗಿ ಬಂದ ಸುತ್ತಲಿನ ಹಳ್ಳಿಯ ಮಕ್ಕಳು ದೊರೆಗಳ ಹೊಡೆತಗಳನ್ನು ನೋಡುತ್ತಲೇ ವಿದ್ಯೆ ಕಲಿತರು. ಯೊಕೊಯಾದ ಫುಕುಯಿ ಕಕುಜಿ 1920ರಲ್ಲಿ ಜಪಾನಿನ ಮೊದಲ ವೃತ್ತಿಪರ ಗಾಲ್ಫ್ ಆಟಗಾರನಾದ. ರೊಕ್ಕೊ ಬೆಟ್ಟದಲ್ಲಿ ಚೀಲ ಹೊತ್ತ ಮಿಯಾಮೊಟೊ ತೊಮೆಕಿಚಿ ಜಪಾನ್ ಓಪನ್ ಪಂದ್ಯಾವಳಿಯನ್ನು ಆರು ಬಾರಿ ಗೆದ್ದ. 1932ರಲ್ಲಿ ಆತ ಬ್ರಿಟಿಷ್ ಓಪನ್‌ನಲ್ಲೂ ಆಡಿದ. ಚೀಲ ಹೊತ್ತ ಹುಡುಗ ಆ ದೊರೆಗಳ ತವರಿಗೇ ಹೋಗಿ ನಿಂತಿದ್ದ.

ಗ್ರೂಮ್ 1918ರಲ್ಲೇ ತೀರಿಕೊಂಡಿದ್ದ. ಅವನ ಮೈದಾನ ಇಂದಿಗೂ ಇದೆ. ಗುಡ್ಡ ಬಿಟ್ಟುಕೊಟ್ಟಷ್ಟೇ ಜಾಗ ಎಂಬಂತೆ ಕುಳಿಗಳ ನಡುವಣ ದೂರ ಕಡಿಮೆ. ಸಾಮಾನ್ಯವಾಗಿ 72ರ ಆಸುಪಾಸಿನಲ್ಲಿರುವ 'ಪಾರ್', ಅಂದರೆ ನಿಗದಿತ ಹೊಡೆತಗಳ ಸಂಖ್ಯೆ, ಇಲ್ಲಿ ಬರೀ 61. ಆದರೆ ಚೆಂಡು ದಿಬ್ಬದಿಂದ ದಿಬ್ಬಕ್ಕೆ ಹಾರಬೇಕಾದ್ದರಿಂದ ಆಟವೇನೂ ಸುಲಭವಲ್ಲ. ಬೇರೆಡೆ 14 ಕೋಲು ಒಯ್ಯಬಹುದಾದರೆ ಇಲ್ಲಿ ಹತ್ತೇ. ಇಳಿಜಾರಿನಲ್ಲಿ ಗಾಡಿ ಓಡುವುದಿಲ್ಲ. ಚೀಲವನ್ನು ಈಗಲೂ ಕ್ಯಾಡಿಗಳೇ ಹೆಗಲ ಮೇಲೆ ಹೊರಬೇಕು.