ಅಂತರ್ಜಾಲ ಸಮೀಕ್ಷೆಯಲ್ಲಿ ಪ್ರಶ್ನಾಸ್ವರೂಪದ ಆಯ್ಕೆ: ದಾವಣಗೆರೆ–ಹರಿಹರ ಪರಿಸರದ ಹಿನ್ನೆಲೆಯಲ್ಲಿ

ಸಮೀಕ್ಷೆಯೊಂದರ ಮಹತ್ವವನ್ನು ಅದರಲ್ಲಿ ಪಾಲ್ಗೊಂಡವರ ಸಂಖ್ಯೆಯಿಂದ ಅಳೆಯುವ ರೂಢಿ ಬೆಳೆದುಬಂದಿದೆ. ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯವು 2021ರ ಮಾರ್ಚ್‌ನಲ್ಲಿ ಪ್ರಕಟಿಸಿದ 2020ರ ಸುಗಮ ಜೀವನ ಸೂಚ್ಯಂಕದಲ್ಲಿ, ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ನಗರಗಳ ಸಾಲಿನಲ್ಲಿ ದಾವಣಗೆರೆ 9ನೆಯ ಸ್ಥಾನ ಪಡೆಯಿತು. ಈ ಸೂಚ್ಯಂಕದ ಶೇ. 30ರಷ್ಟು ಭಾಗ ನಾಗರಿಕರ ಅಭಿಪ್ರಾಯ ಸಮೀಕ್ಷೆಯನ್ನು ಅವಲಂಬಿಸಿತ್ತು. 2020ರ ಜನವರಿ 16ರಿಂದ ಮಾರ್ಚ್ 20ರವರೆಗೆ ಅಂತರ್ಜಾಲದ ಮೂಲಕವೂ ನೇರವಾಗಿಯೂ ನಡೆದ ಆ ಸಮೀಕ್ಷೆಯಲ್ಲಿ 111 ನಗರಗಳ 32 ಲಕ್ಷಕ್ಕೂ ಹೆಚ್ಚು ಜನ ಉತ್ತರಿಸಿದರು. ಆದರೆ ಸಂಖ್ಯೆ ಎಷ್ಟೇ ದೊಡ್ಡದಾದರೂ, ಪ್ರಶ್ನೆಯು ಅವಕಾಶ ಕೊಡದ ಉತ್ತರ ಫಲಿತಾಂಶದಲ್ಲಿ ಕಾಣಿಸಿಕೊಳ್ಳುವುದಿಲ್ಲ. ಆದ್ದರಿಂದ ಪ್ರಶ್ನೆಯ ಸ್ವರೂಪವನ್ನು ಆರಿಸುವುದು ಸಂಶೋಧನೆಯ ಮೊದಲ ನಿರ್ಣಯವೆನಿಸುತ್ತದೆ.

ಪ್ರಶ್ನೆಗಳಲ್ಲಿ ಎರಡು ಮುಖ್ಯ ಬಗೆಗಳಿವೆ. ಸಿದ್ಧ ಉತ್ತರಗಳಲ್ಲಿ ಒಂದನ್ನು ಆರಿಸುವಂತೆ ಕೇಳುವುದು ಮುಚ್ಚಿದ ಪ್ರಶ್ನೆ; ಮಾಹಿತಿದಾರನು ತನ್ನ ಮಾತಿನಲ್ಲೇ ಹೇಳುವಂತೆ ಬಿಡುವುದು ತೆರೆದ ಪ್ರಶ್ನೆ. ಮೊದಲನೆಯದರಲ್ಲಿ ಎಣಿಕೆ ಸುಲಭ, ಹೋಲಿಕೆ ಸಾಧ್ಯ. ಎರಡನೆಯದರಲ್ಲಿ ಸಂಶೋಧಕನು ನಿರೀಕ್ಷಿಸದ ಸಂಗತಿಯೂ ದಾಖಲಾಗುತ್ತದೆ.

ಮುಚ್ಚಿದ ಪ್ರಶ್ನೆಗಳಲ್ಲಿ ಅತ್ಯಂತ ಸರಳವಾದುದು ‘ಹೌದು–ಇಲ್ಲ’ ಮಾದರಿ. ಅದರ ಮಿತಿಯನ್ನು ಹರಿಹರ ತಾಲ್ಲೂಕಿನ ಕೊಕ್ಕನೂರು ಭಾಗದ ನೀರಾವರಿಯ ಉದಾಹರಣೆಯಿಂದ ವಿವರಿಸಬಹುದು. ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ನಾಲೆಯ ಮೇಲ್ಭಾಗದ ಗದ್ದೆಗೂ ಕೊನೆಯ ಭಾಗದ ಗದ್ದೆಗೂ ನೀರಿನ ಲಭ್ಯತೆಯಲ್ಲಿ ಅಂತರವಿರುತ್ತದೆ. ‘ನಿಮ್ಮ ಜಮೀನಿಗೆ ನಾಲೆಯ ನೀರು ಬಂದಿತೇ?’ ಎಂದು ಕೇಳಿದರೆ, ಬೆಳೆ ಕೈಸೇರುವವರೆಗೂ ನೀರುಂಡ ರೈತನೂ ನಾಟಿಯ ನಂತರ ಒಣಭೂಮಿ ನೋಡಿದ ರೈತನೂ ‘ಹೌದು’ ಎಂದೇ ಗುರುತು ಹಾಕುತ್ತಾರೆ. ‘ಈ ಹಂಗಾಮಿನಲ್ಲಿ ಎಷ್ಟು ದಿನ ನೀರು ಬಂದಿತು?’ ಎಂಬ ಸಂಖ್ಯಾತ್ಮಕ ಪ್ರಶ್ನೆಯಾದರೆ ಇಬ್ಬರ ಸ್ಥಿತಿಯೂ ಬೇರೆಬೇರೆಯಾಗಿ ಕಾಣುತ್ತದೆ. ಸಂಖ್ಯೆ ಕೇಳುವಾಗ ಅಳತೆಯ ಮಾನವನ್ನೂ ಸೂಚಿಸಬೇಕು. ಇಳುವರಿಯನ್ನು ಒಬ್ಬರು ಚೀಲದಲ್ಲಿ, ಮತ್ತೊಬ್ಬರು ಕ್ವಿಂಟಲಿನಲ್ಲಿ ಬರೆದರೆ ಸರಾಸರಿಗೆ ಅರ್ಥವಿರುವುದಿಲ್ಲ.

ಮನೋಧರ್ಮವನ್ನು ಅಳೆಯಲು 1932ರಲ್ಲಿ ರೆನ್ಸಿಸ್ ಲಿಕರ್ಟ್ ರೂಪಿಸಿದ ಶ್ರೇಣಿಮಾಪಕ ಇಂದಿಗೂ ಬಳಕೆಯಲ್ಲಿದೆ. ‘ಪೂರ್ಣ ಒಪ್ಪುತ್ತೇನೆ’ ಎಂಬಲ್ಲಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ ಎಂಬಲ್ಲಿಯವರೆಗಿನ ಮೆಟ್ಟಿಲುಗಳು ಅಭಿಪ್ರಾಯದ ತೀವ್ರತೆಯನ್ನು ತೋರಿಸುತ್ತವೆ. ಆದರೆ ಇಂತಹ ಹತ್ತಾರು ಪ್ರಶ್ನೆಗಳನ್ನು ಒಂದೇ ಕೋಷ್ಟಕದಲ್ಲಿ ಜೋಡಿಸಿದಾಗ ಮೊಬೈಲಿನ ಕಿರಿದಾದ ಪರದೆಯಲ್ಲಿ ಓದುವುದು ಕಷ್ಟ; ಬೇಸತ್ತ ಮಾಹಿತಿದಾರ ಒಂದೇ ಸಾಲಿಗೆ ಗುರುತು ಹಾಕುತ್ತ ಹೋಗುವ ಸಾಧ್ಯತೆಯೂ ಉಂಟು. ಅಲ್ಲದೆ ಮಾಪಕವು ಅಸಮಾಧಾನದ ಪ್ರಮಾಣವನ್ನು ತಿಳಿಸುತ್ತದೆಯೇ ಹೊರತು ಕಾರಣವನ್ನಲ್ಲ.

ತೆರೆದ ಪ್ರಶ್ನೆಯ ಲಾಭನಷ್ಟಗಳಿಗೆ ಭಾರತದ ಜನಗಣತಿಯಲ್ಲೇ ನಿದರ್ಶನಗಳಿವೆ. 1931ರ ಜನಗಣತಿಯಲ್ಲಿ 4,147 ಜಾತಿಗಳು ದಾಖಲಾಗಿದ್ದರೆ, 2011ರ ಸಾಮಾಜಿಕ–ಆರ್ಥಿಕ ಮತ್ತು ಜಾತಿ ಗಣತಿಯಲ್ಲಿ 46 ಲಕ್ಷಕ್ಕೂ ಹೆಚ್ಚು ಹೆಸರುಗಳು ಬಂದವೆಂದು ಕೇಂದ್ರ ಸರ್ಕಾರ 2021ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತು. ಕಾಗುಣಿತದ ವ್ಯತ್ಯಾಸ, ಉಪಪಂಗಡ, ಕುಲನಾಮಗಳು ಪ್ರತ್ಯೇಕ ಜಾತಿಗಳಾಗಿ ಸೇರಿದರೆ ಎಣಿಕೆಯೇ ಅಸಾಧ್ಯವಾಗುತ್ತದೆ.

ಮಾತೃಭಾಷೆಯ ಪ್ರಶ್ನೆ ಇದಕ್ಕೆ ಭಿನ್ನವಾದ ಪಾಠ ಕಲಿಸುತ್ತದೆ. 2011ರಲ್ಲಿ ಜನ ಹೇಳಿದ 19,569 ಹೆಸರುಗಳನ್ನು ಪರಿಶೀಲಿಸಿ 1,369 ಮಾತೃಭಾಷೆಗಳನ್ನಾಗಿಯೂ, ಅನಂತರ 121 ಭಾಷೆಗಳನ್ನಾಗಿಯೂ ವರ್ಗೀಕರಿಸಲಾಯಿತು. ಈ ವರ್ಗೀಕರಣದಲ್ಲಿ ಬಡಗ ನುಡಿ ಕನ್ನಡದ ಅಡಿಯಲ್ಲಿಯೂ ಲಂಬಾಣಿ ಹಿಂದಿಯ ಅಡಿಯಲ್ಲಿಯೂ ಸೇರಿವೆ. ಸಂತ ಸೇವಾಲಾಲರ ಜನ್ಮಸ್ಥಳವಾದ ಸೂರಗೊಂಡನಕೊಪ್ಪ ಇರುವ ದಾವಣಗೆರೆ ಜಿಲ್ಲೆಯಲ್ಲಿ ಇದು ಕೇವಲ ತಾಂತ್ರಿಕ ವಿಷಯವಲ್ಲ. ಮಾತೃಭಾಷೆಯನ್ನು ಜನರ ಮಾತಿನಲ್ಲೇ ಬರೆದುಕೊಂಡಿದ್ದರಿಂದ ಲಂಬಾಣಿಯ ಪ್ರತ್ಯೇಕ ಅಂಕಿ ಉಳಿದಿದೆ. 121 ಹೆಸರುಗಳ ಸಿದ್ಧಪಟ್ಟಿಯನ್ನಷ್ಟೇ ಕೊಟ್ಟಿದ್ದರೆ ಆ ಅಂಕಿ ಹುಟ್ಟುತ್ತಲೇ ಇರಲಿಲ್ಲ.

ಈ ಎರಡರ ನಡುವಿನ ದಾರಿಯೆಂದರೆ ಸಿದ್ಧಪಟ್ಟಿಯ ಕೊನೆಗೆ ‘ಇತರೆ’ ಎಂಬ ಆಯ್ಕೆಯನ್ನೂ ಬರೆಯಲು ಸ್ಥಳವನ್ನೂ ಕೊಡುವುದು. ಕರ್ನಾಟಕ ರಾಜ್ಯ ಹಿಂದುಳಿದ ವರ್ಗಗಳ ಆಯೋಗವು 2025ರ ಸೆಪ್ಟೆಂಬರ್ 22ರಂದು ಆರಂಭಿಸಿದ 60 ಪ್ರಶ್ನೆಗಳ ಸಮೀಕ್ಷೆಯಲ್ಲಿ ಗಣತಿದಾರರು ಮೊಬೈಲ್ ಆ್ಯಪ್ ಬಳಸಿದರು. ಅಂತರ್ಜಾಲದಲ್ಲಿ ಸ್ವತಃ ವಿವರ ತುಂಬಲೂ ಅವಕಾಶವಿತ್ತು. ಪಟ್ಟಿಯಲ್ಲಿ ಯಾವ ಜಾತಿಯ ಹೆಸರು ಇರಬೇಕು, ಯಾವುದು ಇರಬಾರದು ಎಂಬುದೇ ಸಮೀಕ್ಷೆಗೆ ಮುನ್ನ ದೊಡ್ಡ ಚರ್ಚೆಯಾಯಿತು. ಪಟ್ಟಿಯಲ್ಲಿ ಹೆಸರಿರುವುದೆಂದರೆ ಮನ್ನಣೆ ಪಡೆದಂತೆ ಎಂಬ ಭಾವನೆ ಜನರಲ್ಲಿದೆ ಎಂಬುದನ್ನು ಈ ಚರ್ಚೆ ಸ್ಪಷ್ಟಪಡಿಸಿತು.

ಗಣತಿದಾರ ಎದುರಿಗಿದ್ದರೆ ಅಸ್ಪಷ್ಟ ಪ್ರಶ್ನೆಯನ್ನು ಬಿಡಿಸಿ ಹೇಳಬಲ್ಲ. ಅಂತರ್ಜಾಲದಲ್ಲಿ ಆ ಅನುಕೂಲವಿಲ್ಲ. ಪ್ರಶ್ನೆಯೇ ತನ್ನನ್ನು ತಾನು ವಿವರಿಸಿಕೊಳ್ಳಬೇಕು. ಆದ್ದರಿಂದ ಮೊದಲು ಕೆಲವೇ ಜನರಿಗೆ ತೆರೆದ ಪ್ರಶ್ನೆಗಳನ್ನು ಕೇಳಿ, ಅವರ ಮಾತುಗಳಿಂದಲೇ ಆಯ್ಕೆಗಳ ಪಟ್ಟಿಯನ್ನು ರೂಪಿಸಿ, ಬಳಿಕ ವಿಸ್ತಾರವಾದ ಸಮೀಕ್ಷೆಗೆ ಮುಚ್ಚಿದ ಪ್ರಶ್ನೆಗಳನ್ನು ಬಳಸುವುದು ಸೂಕ್ತ. ಉತ್ತರದಿಂದ ಯಾವ ನಿರ್ಧಾರ ಕೈಗೊಳ್ಳಬೇಕಾಗಿದೆ ಎಂಬುದು ಮೊದಲು ಸ್ಪಷ್ಟವಾಗಬೇಕು; ಪ್ರಶ್ನೆಯ ಸ್ವರೂಪ ಅದನ್ನು ಅನುಸರಿಸಬೇಕು. ಈ ಕ್ರಮ ತಲೆಕೆಳಗಾದಾಗ ನಾಲೆಯ ಕೊನೆಯ ಗದ್ದೆಯೂ ತಾಂಡಾದ ನುಡಿಯೂ ಅಂಕಿ–ಅಂಶಗಳಿಂದ ಮರೆಯಾಗುತ್ತವೆ.